ಜನ್ನಾಪುರದ ಬಾಡಿಗೆ ಬೌಲರ್

ಮಲ್ಲಿಕ್‌ಗೆ ಮೂವತ್ತೊಂಬತ್ತು. ಬ್ಯಾಂಕಿನಲ್ಲಿ ಕೂತವನಿಗೆ, ಪಾಠ ಹೇಳುವ ಮೇಷ್ಟ್ರಿಗೆ ಅದೊಂದು ವಯಸ್ಸೇ ಅಲ್ಲ. ಓಡಿ ಬಂದು ಬಾಲ್ ಹಾಕುವವನಿಗೆ ಮಾತ್ರ ಅದು ಮುದಿತನ. ಭದ್ರಾವತಿಯ ಜನ್ನಾಪುರದಲ್ಲಿ ಅವನ ಮನೆ. ವಾರವೆಲ್ಲ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಮುಂದೆ ನಿಲ್ಲುತ್ತಾನೆ. ಭಾನುವಾರ ಬಂತೆಂದರೆ ಯಾರು ಕರೆದಿದ್ದಾರೋ ಅವರ ಬಣ್ಣದ ಟೀ ಶರ್ಟ್ ತೊಟ್ಟು, ಅವರ ಊರಿನವನಾಗಿ, ಟೆನ್ನಿಸ್ ಬಾಲ್ ಟೂರ್ನಮೆಂಟಿನಲ್ಲಿ ಬೌಲಿಂಗ್ ಮಾಡುತ್ತಾನೆ. ಸೋಮವಾರ ಮತ್ತೆ ಜನ್ನಾಪುರದವನು. ಇಪ್ಪತ್ತು ವರ್ಷದಿಂದ ಇದೇ ಬದುಕು. ಅವನ ಬೀರುವಿನ ಮೇಲೆ ಅಷ್ಟೂ ಊರುಗಳ ಟೀ ಶರ್ಟುಗಳಿವೆ. ಒಂದರ ಬೆನ್ನಿನ ಮೇಲೂ ಅವನ ಸ್ವಂತ ಊರಿನ ಹೆಸರಿಲ್ಲ.

ಆ ಕೈ ಪಳಗಿದ್ದು ಜನ್ನಾಪುರದ ಮಣ್ಣು ರಸ್ತೆಯಲ್ಲೇ. ಅಪ್ಪ ಜಯಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗುತ್ತಿದ್ದರು. ಮನೆ ಹತ್ತಿರ ಸದ್ದು ಮಾಡುವ ಹಾಗಿರಲಿಲ್ಲ. ಮಲ್ಲಿಕ್ ಅವ್ವನ ಹವಾಯಿ ಚಪ್ಪಲಿಯೊಂದನ್ನು ರಸ್ತೆಯ ಆ ತುದಿಯಲ್ಲಿ ಇಟ್ಟು, ಈ ತುದಿಯಿಂದ ಓಡಿ ಬಂದು ಅದಕ್ಕೆ ಬಾಲ್ ತಾಗಿಸುತ್ತಿದ್ದ. ಬ್ಯಾಟ್ಸ್‌ಮನ್ನನ ಕಾಲಬುಡಕ್ಕೆ ನೇರವಾಗಿ ಬೀಳುವ ಯಾರ್ಕರ್ ಅವನಿಗೆ ಒಲಿದದ್ದು ಹೀಗೆ. ಅವ್ವ ತುಂಗಮ್ಮ ಒಂಟಿ ಚಪ್ಪಲಿ ಹಿಡಿದುಕೊಂಡು ಬೀದಿಯೆಲ್ಲ ಹುಡುಕಿ, ಸಿಕ್ಕಿದಾಗ ಅದರಲ್ಲೇ ನಾಲ್ಕು ಬಾರಿಸುತ್ತಿದ್ದಳು.

ಇವನ ಬಾಲಿಗೆ ಎದುರು ನಿಲ್ಲುತ್ತಿದ್ದವನು ತಮ್ಮ ಸತೀಶ್. ಒಂಬತ್ತು ವರ್ಷ ಚಿಕ್ಕವನು. ಪೆಟ್ಟಿಗೆಯ ಹಲಗೆ ಹಿಡಿದು ನಿಂತರೆ ಮೊದಲ ಬಾಲಿಗೇ ಔಟ್. ಔಟಾದರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅಳುತ್ತ, ಮೂಗು ಒರೆಸುತ್ತ, "ಇನ್ನೊಂದು ಹಾಕು" ಅನ್ನುತ್ತಿದ್ದ. ಮಲ್ಲಿಕ್ ಒಂದನ್ನೂ ಮೆತ್ತಗೆ ಹಾಕಿದವನಲ್ಲ. ಚಿಕ್ಕವನು, ಪಾಪ, ಒಂದು ಹೊಡೆದುಕೊಳ್ಳಲಿ ಎಂದು ಅವ್ವ ಎಷ್ಟು ಬೈದರೂ ಅವನಿಂದ ಆಗುತ್ತಿರಲಿಲ್ಲ.

ಒಮ್ಮೆ ತರೀಕೆರೆ ಕಡೆಯ ಹುಡುಗರು ಬೈಕಿನಲ್ಲಿ ಹುಡುಕಿಕೊಂಡು ಬಂದು ಅವನನ್ನು ಕರೆದೊಯ್ದರು. ಅಲ್ಲಿಂದ ಶುರು. ಸಾಗರ, ಸೊರಬ, ದಾವಣಗೆರೆ, ಎಲ್ಲೆಲ್ಲಿ ಮೈದಾನಕ್ಕೆ ಸುಣ್ಣ ಹಾಕಿ ಶಾಮಿಯಾನ ಕಟ್ಟುತ್ತಾರೋ ಅಲ್ಲೆಲ್ಲ ಅವನು ಹೋದ. ಟೆಂಪೋದಲ್ಲಿ ಚೀಲಗಳ ಮೇಲೆ ನಿದ್ದೆ ಮಾಡಿದ, ಮೈದಾನದ ನಲ್ಲಿಯಲ್ಲಿ ಮುಖ ತೊಳೆದ. ಮಗುವಿನಷ್ಟು ಎತ್ತರದ ಕಪ್ಪುಗಳನ್ನು ಗೆದ್ದುಕೊಟ್ಟು, ಫೋಟೋದಲ್ಲಿ ಒಂದು ಮೂಲೆಗೆ ನಿಂತು, ಬಸ್ಸು ಹಿಡಿದು ವಾಪಸಾದ. ಶಿವಮೊಗ್ಗದಲ್ಲಿ ಒಮ್ಮೆ ಲೆದರ್ ಬಾಲ್ ಆಯ್ಕೆಗೂ ಹೋಗಿದ್ದ. "ಯಾವ ಕ್ಲಬ್?" ಎಂದು ಅಲ್ಲಿ ಕೂತಿದ್ದವರು ಕೇಳಿದರು. "ಯಾರು ಕರೀತಾರೋ ಆ ಕ್ಲಬ್ಬು ಸರ್" ಅಂದ. ಅವರು ನಕ್ಕರು. ಅವನಿಗೆ ನಗುವಂಥದ್ದೇನೂ ಕಾಣಲಿಲ್ಲ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಬಾಡಿಗೆ ಆಟಗಾರರೆಂದರೆ ಜನಕ್ಕೆ ಅಷ್ಟಕ್ಕಷ್ಟೆ. ಸೋತರೆ ಮೊದಲ ಅನುಮಾನ ಅವರ ಮೇಲೆ. ಅದಕ್ಕೇ ಮಲ್ಲಿಕ್ ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಿದ್ದ. ಮೊದಲು ಯಾರ ಫೋನ್ ಬರುತ್ತದೋ ಅವರಿಗೇ ಮಾತು; ಆಮೇಲೆ ಯಾವ ದೊರೆ ಕರೆದರೂ ಇಲ್ಲ. ಬೇರೆಯವರು ಅಡ್ವಾನ್ಸ್ ಕೇಳಿದರೆ ಇವನು ಕೇಳುತ್ತಿರಲಿಲ್ಲ. ಆಟ ಮುಗಿದ ಮೇಲೆ, ಸ್ಕೋರ್ ಬರೆಯುವವರ ಟೇಬಲ್ಲಿನ ಹತ್ತಿರ, ಎಲ್ಲರ ಕಣ್ಣೆದುರಿಗೆ ತನ್ನ ದುಡ್ಡಿನ ಕವರ್ ಈಸಿಕೊಳ್ಳುತ್ತಿದ್ದ. ಮುಚ್ಚುಮರೆ ಇಲ್ಲ. ಮಲ್ಲಿಕ್ ತೊಟ್ಟಿರುವ ಟೀ ಶರ್ಟಿಗೆ ಮೋಸ ಮಾಡುವವನಲ್ಲ ಅಂತ ಜಿಲ್ಲೆಯೆಲ್ಲ ಹೆಸರಾಗಿತ್ತು. ಬೇರೇನೂ ಗಳಿಸದೆ ಇದ್ದವನಿಗೆ ಅದೇ ಆಸ್ತಿ.

ಹೆಸರು ಇನ್ನೂ ಗಟ್ಟಿಯಾಗಿತ್ತು, ಸವೆದದ್ದು ಭುಜ. ಎರಡು ವರ್ಷದಿಂದ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗುವಾಗ ಒಳಗೆಲ್ಲೋ ಕಟಕಟ ಅನ್ನುತ್ತಿತ್ತು. ಇದು ಗೊತ್ತಿದ್ದವಳು ಹೆಂಡತಿ ಪೂಜಿತಾ ಒಬ್ಬಳೇ.

"ರೀ, ಡಾಕ್ಟ್ರು ಹೇಳಿದ್ದು ಮರ್ತೋಯ್ತಾ? ಲೇತ್ ಹ್ಯಾಂಡಲ್ ತಿರುಗಿಸೋಕಾದ್ರೂ ಕೈ ಉಳಿಸ್ಕೊಳ್ಳಿ" ಎಂದು ಶನಿವಾರ ಸಂಜೆ ಎಣ್ಣೆ ತಿಕ್ಕುತ್ತ ಅನ್ನುತ್ತಿದ್ದಳು.

"ಈ ಸೀಸನ್ ಒಂದು ಮುಗೀಲಿ ಮಾರಾಯ್ತಿ" ಎಂದು ಅವನು ಕಣ್ಣು ಮುಚ್ಚುತ್ತಿದ್ದ. ಕೈ ಹೋಗಿದೆ ಅಂತ ಒಬ್ಬರ ಬಾಯಿಗೆ ಬಿದ್ದರೂ ಸಾಕು, ಮರುದಿನದಿಂದ ಫೋನ್ ಬರುವುದಿಲ್ಲ. ಫೋನ್ ಬರದ ಭಾನುವಾರ ತಾನು ಯಾರು ಎಂಬುದು ಅವನಿಗೆ ತಿಳಿದಿರಲಿಲ್ಲ. ಅದರ ಹೆದರಿಕೆ ಭುಜದ ನೋವಿಗಿಂತ ದೊಡ್ಡದಾಗಿತ್ತು.

ಈ ಸಲ ಶಿವಮೊಗ್ಗದಲ್ಲಿ ದೊಡ್ಡ ಟೂರ್ನಮೆಂಟು. ರವೀಂದ್ರನಗರದ ನಿರಂಜನ ಒಂದು ಟೀಮ್ ಕಟ್ಟಿದ್ದ. ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಅವನ ತಂದೆ ಮನೆಯೊಳಗೆ ಸಂಸ್ಕೃತ ಪಾಠ ಹೇಳಿದರೆ, ಮಗ ಅಂಗಡಿ ಮೆಟ್ಟಿಲ ಮೇಲೆ ದಿನವಿಡೀ ಕ್ರಿಕೆಟ್ ಪಾಠ ಹೇಳುವವನು. ದಸರಾ ಮುಗಿಯುವ ಮೊದಲೇ ಅವನ ಫೋನ್ ಬಂತು. ಮಲ್ಲಿಕ್ ಮಾತು ಕೊಟ್ಟ. ಅದಾಗಿ ಎಷ್ಟೋ ದಿನದ ಮೇಲೆ ಸತೀಶ್ ಊಟಕ್ಕೆ ಕೂತಾಗ, "ಅಣ್ಣ, ಈ ಸಲ ಜನ್ನಾಪುರದ್ದೇ ಟೀಮ್ ಹಾಕಿದೀವಿ. ನಾನೇ ಕ್ಯಾಪ್ಟನ್. ನಿನ್ ಹೆಸ್ರು ಮೊದ್ಲೇ ಸೇರಿಸಿದೀನಿ" ಅಂದ.

ಮಲ್ಲಿಕ್‌ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಮೊದ್ಲೇ ಹೇಳೋದಲ್ವೇನೋ?"

"ಒಂದೇ ಗೋಡೆ ಆಚೆ ಈಚೆ ಇದೀವಿ. ಸ್ವಂತ ಅಣ್ಣನಿಗೆ ಫೋನ್ ಮಾಡಿ ಬುಕ್ ಮಾಡ್ಬೇಕಾ?"

ಯಾರು ತಾನೇ ಮಾಡುತ್ತಾರೆ? ಇಪ್ಪತ್ತು ವರ್ಷದಲ್ಲಿ ಜನ್ನಾಪುರ ಅವನನ್ನು ಕರೆದಿರಲಿಲ್ಲ, ನಮ್ಮವನೇ ತಾನೆ ಎಂಬ ಸದರದಿಂದ. ಕರೆಯಲಿ ಎಂದು ಅವನೂ ಬಾಯಿಬಿಟ್ಟು ಕೇಳಿರಲಿಲ್ಲ, ಬಿಗುಮಾನದಿಂದ. ಈಗ ಕರೆ ಬಂದಾಗ ಕಾಲ ಮಿಂಚಿತ್ತು. "ಮಾತು ಕೊಟ್ಟಾಗಿದೆ ಕಣೋ" ಅಂದ. ಸತೀಶ್ ಅರ್ಧ ಊಟಕ್ಕೇ ಕೈ ತೊಳೆದ. ಅಣ್ಣ ತಮ್ಮ ಅಂದಿನಿಂದ ಮುಖ ಕೊಟ್ಟು ಮಾತಾಡಲಿಲ್ಲ.

ಫೈನಲ್ಲಿಗೆ ಬಂದದ್ದು ಈ ಎರಡೇ ಟೀಮುಗಳು. ಭದ್ರಾವತಿಯಿಂದ ಜನ ಬಸ್ಸು ತುಂಬಿ ಬಂದಿದ್ದರು. ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಮಲ್ಲಿಕ್‌ನನ್ನು ಬೈದರು. ಹೆಸರು ಹಿಡಿದು ಬೈಯುವವರೆಲ್ಲ ಅವನ ಬೀದಿಯವರೇ. ಅವನು ತಲೆ ತಗ್ಗಿಸಿ ಬೌಂಡರಿ ಗೆರೆಯ ಹತ್ತಿರ ನಿಂತಿದ್ದ. ಬೆಳಿಗ್ಗೆ ನುಂಗಿದ್ದ ನೋವಿನ ಮಾತ್ರೆಯ ಕಸುವು ಮಧ್ಯಾಹ್ನಕ್ಕೇ ಇಳಿದುಹೋಗಿತ್ತು. ಸಂಜೆ ಕೊನೆಯ ಓವರ್ ಹಾಕಲು ನಿರಂಜನ ಬಾಲ್ ಕೊಟ್ಟಾಗ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಹಲ್ಲು ಕಚ್ಚಿ ಐದು ಬಾಲ್ ಹಾಕಿ ಮುಗಿಸಿದ. ಕೊನೆಯ ಬಾಲಿಗೆ ಜನ್ನಾಪುರಕ್ಕೆ ಆರು ರನ್ ಬೇಕಿತ್ತು. ಎದುರಿಗೆ ಸತೀಶ್. ಮಲ್ಲಿಕ್ ಅವನ ಕಾಲಬುಡ ನೋಡಿದ. ತಮ್ಮ, ಊರು, ಬೈಗುಳ ಯಾವುದೂ ಆಗ ಅವನ ತಲೆಯಲ್ಲಿ ಇರಲಿಲ್ಲ. ಇವನನ್ನು ಔಟ್ ಮಾಡಬೇಕು, ಅಷ್ಟೆ. ಓಡಿ ಬಂದು, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೈ ಬೀಸಿದ. ಕೈ ಅರ್ಧಕ್ಕೇ ಬಂದು ನಿಂತುಬಿಟ್ಟಿತು. ಬಾಲ್ ಬೆರಳಿನಿಂದ ಜಾರಿ, ನೆಲ ಮುಟ್ಟದೆ, ಸೊಂಟದ ಎತ್ತರಕ್ಕೆ ನಿಧಾನವಾಗಿ ಹೋಯಿತು. ಸತೀಶ್ ಹೊಡೆದ ಹೊಡೆತಕ್ಕೆ ಅದು ಶಾಮಿಯಾನ ದಾಟಿ ರಸ್ತೆಗೆ ಬಿತ್ತು.

ಮೈಕ್ ಹಿಡಿದವನಿಗೆ ಬಾಯಿಗೆ ಬಂದದ್ದೇ ಮಾತು. "ತಮ್ಮನಿಗೆ ಅಣ್ಣನ ಉಡುಗೊರೆ! ರಕ್ತಸಂಬಂಧ ಅಂದ್ರೆ ಇದು ಸ್ವಾಮಿ!" ಎಂದು ಕೂಗಿದ. ಅಷ್ಟೇ ಸಾಕಾಯಿತು. ಅದುವರೆಗೆ ಬೈಯುತ್ತಿದ್ದ ಜನ ಮಲ್ಲಿಕ್‌ಗೆ ಜೈ ಅಂದರು. ಯಾರೋ ಬಂದು ಅವನ ಕೊರಳಿಗೆ ಹಾರ ಹಾಕಿದರು. ಆ ನೋಯುವ ಭುಜವನ್ನೇ ಹಿಡಿದು ಕುಣಿಸಿದರು.

ನಿರಂಜನ ಸ್ಕೋರ್ ಟೇಬಲ್ಲಿನ ಹತ್ತಿರ ಕವರ್ ಹಿಡಿದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. "ತಗೋ ಮಲ್ಲಿಕ್. ಮಾತು ಮಾತೇ."

"ಬೇಡ ಸರ್. ಕೆಲಸ ಆಗ್ಲಿಲ್ಲ" ಅಂದ ಮಲ್ಲಿಕ್.

ಅವನು ಅಂದದ್ದು ನಿಯತ್ತಿನಿಂದ. ಆದರೆ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿರಂಜನ ಕವರನ್ನು ಜೇಬಿಗೆ ಇಳಿಸಿದ. "ತಪ್ಪು ಒಪ್ಕೊಂಡ ಹಾಗಾಯ್ತಲ್ಲ ಮಾರಾಯ. ತಮ್ಮನ ಮೇಲೆ ಪ್ರೀತಿ ಇರ್ಲಿ, ಬೇಡ ಅನ್ನಲ್ಲ. ಅಷ್ಟಿದ್ರೆ ನನಗೆ ಮಾತು ಯಾಕೆ ಕೊಟ್ಟೆ?"

ಭುಜ ಹೋಗಿದೆ ಸರ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸುತ್ತ ಎಂಟು ಊರಿನ ಟೀಮಿನವರು ನಿಂತಿದ್ದರು. ಹೇಳಿದರೆ ಅಲ್ಲಿಗೆ ಮುಗಿಯಿತು. ಮೋಸಗಾರ ಎನಿಸಿಕೊಂಡವನನ್ನು ನಾಳೆ ಯಾರಾದರೂ ಕರೆದಾರು, ಕೈಲಾಗದವನನ್ನು ಯಾರೂ ಕರೆಯುವುದಿಲ್ಲ. ಮಲ್ಲಿಕ್ ಮಾತು ನುಂಗಿಕೊಂಡು ಭದ್ರಾವತಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ರಾತ್ರಿ ಸತೀಶ್ ಅಣ್ಣನ ಮನೆಗೆ ಬಂದ. ಹೊರಗೆ ಇನ್ನೂ ಪಟಾಕಿ ಹೊಡೆಯುತ್ತಿದ್ದರು. ಗೆದ್ದವನ ಮುಖದಲ್ಲಿ ಇರಬೇಕಾದ ಗೆಲುವು ಇವನ ಮುಖದಲ್ಲಿರಲಿಲ್ಲ. ಅಣ್ಣನ ಪಕ್ಕದಲ್ಲಿ ಬಂದು ಕೂತ.

"ಥ್ಯಾಂಕ್ಸ್ ಅಣ್ಣ."

"ಯಾತಕ್ಕೆ?"

"ಆ ಬಾಲ್ ಬಿಟ್ಟುಕೊಟ್ಟಿದ್ದಕ್ಕೆ. ಎಲ್ರೂ ನನ್ನ ಹೊತ್ಕೊಂಡು ಮೆರವಣಿಗೆ ಮಾಡಿದ್ರು. ಅವರಿಗೂ ಗೊತ್ತು, ನಂಗೂ ಗೊತ್ತು." ನೆಲ ನೋಡುತ್ತಲೇ ಹೇಳಿದ: "ಚಿಕ್ಕೋನಿದ್ದಾಗಿಂದ ಒಂದೇ ಆಸೆ ಇತ್ತು. ನಿನ್ ಬಾಲಿಗೆ ನಿಜವಾಗ್ಲೂ ಒಂದು ಸಿಕ್ಸ್ ಹೊಡೀಬೇಕು ಅಂತ. ಅದೊಂದು ಹಾಳಾಯ್ತು. ಹೋಗ್ಲಿ ಬಿಡು."

ತಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಬೆಲೆ ತೆತ್ತವನು ಇವನು ಎಂಬುದು ಈಗ ಮಲ್ಲಿಕ್‌ಗೆ ಹೊಳೆಯಿತು. "ನಾನು ಕೊಡ್ಲಿಲ್ಲ ಕಣೋ. ಔಟ್ ಮಾಡೋಕೇ ಹಾಕಿದ್ದು. ಕೈ ಬರ್ಲಿಲ್ಲ. ಕೈ ಹೋಗಿದೆ" ಅಂದ.

"ಸಮಾಧಾನಕ್ಕೆ ಹೇಳ್ತೀಯ. ಐದು ಬಾಲ್ ಹಾಕಿದ ಕೈ ಆರನೇದಕ್ಕೆ ಹೋಯ್ತಾ?" ಸತೀಶ್ ಎದ್ದು ಹೊರಟ.

"ನಂಬು, ಸತೀಶ" ಎಂದು ಪೂಜಿತಾ ಅಡುಗೆಮನೆಯಿಂದಲೇ ಅಂದಳು. ಅವನು ಅದನ್ನೂ ಅತ್ತಿಗೆಯ ಒಳ್ಳೆಯತನ ಎಂದುಕೊಂಡ.

ಬೆಳಿಗ್ಗೆ ಕೆಲಸದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಲ್ಲಿಕ್ ತಮ್ಮನ ಬಾಗಿಲು ಬಡಿದು ಎಬ್ಬಿಸಿದ. ಅವನ ಬ್ಯಾಟನ್ನು ತಾನೇ ಎತ್ತಿಕೊಂಡು, ಬೀದಿ ಕೊನೆಯ ಖಾಲಿ ಜಾಗಕ್ಕೆ ಕರೆದೊಯ್ದ. ಮೂರು ಇಟ್ಟಿಗೆ ಒಂದರ ಮೇಲೊಂದು ಇಟ್ಟು, "ನಿಲ್ಲು" ಅಂದ.

ಮೊದಲ ಬಾಲಿಗೆ ಅವನ ಓಟವೆಲ್ಲ ಇತ್ತು, ಕೈ ಮಾತ್ರ ಅರ್ಧಕ್ಕೆ ನಿಂತಿತು. ಬಾಲ್ ನಡುವೆ ಬಿದ್ದು ತೆವಳಿಕೊಂಡು ಹೋಯಿತು. ಸತೀಶ್ ಬ್ಯಾಟ್ ಎತ್ತಲೇ ಇಲ್ಲ. ಅಣ್ಣನ ಭುಜವನ್ನೇ ನೋಡುತ್ತ ನಿಂತ. ಎರಡನೆಯದು ಅದಕ್ಕಿಂತ ಮೆತ್ತಗೆ ಬಂತು, ಸುಮ್ಮನೆ ತಡೆದ. ಮಲ್ಲಿಕ್‌ನ ಹಣೆಯ ಮೇಲೆ ನೋವಿನ ಬೆವರು. ಆದರೂ ಹಿಂದಕ್ಕೆ ಹೋಗಿ ಮತ್ತೆ ಓಡಿ ಬಂದ.

ಮೂರನೆಯ ಬಾಲ್ ನೇರವಾಗಿತ್ತು, ಅಷ್ಟೆ. ಕಣ್ಣು ಮುಚ್ಚಿಕೊಂಡೂ ಹೊಡೆಯಬಹುದಾದ ಬಾಲ್. ಸತೀಶ್‌ನ ಬ್ಯಾಟ್ ತಡವಾಗಿ ಕೆಳಗಿಳಿಯಿತು. ಬಾಲ್ ಇಟ್ಟಿಗೆಗೆ ಬಡಿಯಿತು.

"ಔಟು!" ಎಂದು ಸತೀಶ್ ದೊಡ್ಡ ದನಿಯಲ್ಲಿ ಅಂದ. "ನೋಡು, ಇನ್ನೂ ಇದೆ ಕೈಯಲ್ಲಿ. ಸ್ವಲ್ಪ ರೆಸ್ಟ್ ತಗೊಂಡ್ರೆ ಸರಿ ಹೋಗುತ್ತೆ." ಅಣ್ಣನ ಮುಖ ನೋಡದೆ ಬಗ್ಗಿ ಇಟ್ಟಿಗೆ ಸರಿಮಾಡತೊಡಗಿದ. ಅವನ ಕಣ್ಣು ತುಂಬಿತ್ತು.

ಇಪ್ಪತ್ತು ವರ್ಷ ಬ್ಯಾಟುಗಳನ್ನು ನೋಡಿದವನಿಗೆ ಬೇಕೆಂದೇ ತಡ ಮಾಡಿದ ಬ್ಯಾಟ್ ಯಾವುದು ಎಂದು ಗೊತ್ತಾಗುವುದಿಲ್ಲವೇ? ಮಲ್ಲಿಕ್ ಹತ್ತಿರ ಬಂದು ತಮ್ಮನ ಹೆಗಲ ಮೇಲೆ ಎಡಗೈ ಇಟ್ಟ.

"ಬಿಟ್ಟುಕೊಡೋದು ಅಂದ್ರೆ ಇದು ಕಣೋ, ಈಗ ನೀನು ಮಾಡಿದ್ದು. ನಿನ್ನೆ ನಾನು ಮಾಡಿದ್ದು ಇದಲ್ಲ."

ಸತೀಶ್ ತಲೆಯಾಡಿಸಿದ. ಮಲ್ಲಿಕ್ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಫೋನ್ ತೆಗೆದು, ನಿರಂಜನನ ನಂಬರ್ ಒತ್ತಿದ.

"ಸರ್, ಮಲ್ಲಿಕ್. ನಿನ್ನೆನೇ ಹೇಳ್ಬೇಕಿತ್ತು, ಧೈರ್ಯ ಸಾಲ್ಲಿಲ್ಲ. ನನ್ನ ಭುಜ ಹೋಗಿ ಎರಡು ವರ್ಷ ಆಯ್ತು. ಮುಚ್ಚಿಟ್ಟಿದ್ದೆ. ಮೋಸ ಮಾಡಿದ್ರೆ ಅದೊಂದೇ ಮಾಡಿದ್ದು. ಇನ್ನು ಯಾವ ಟೀಮಿನವರು ಕೇಳಿದ್ರೂ ಮಲ್ಲಿಕ್ ಆಡಲ್ಲ ಅಂದ್ಬಿಡಿ."

ಆ ಕಡೆಯಿಂದ ನಿರಂಜನ ಕೇಳಿದ: "ಹಾಗಾದ್ರೆ ಆ ಹುಡುಗ ನಿಜವಾಗ್ಲೂ ಹೊಡೆದಿದ್ದಾ?"

ಮಲ್ಲಿಕ್ ತಮ್ಮನ ಕಡೆ ನೋಡಿದ. ಸತೀಶ್ ಬ್ಯಾಟನ್ನು ಎದೆಗೆ ಅವುಚಿಕೊಂಡು, ಇತ್ತಲೇ ಕಿವಿಗೊಟ್ಟು ನಿಂತಿದ್ದ.

"ಹೌದು ಸರ್, ಹೊಡೆದ" ಅಂದ ಮಲ್ಲಿಕ್. "ನನ್ನ ಬಾಲಿಗೇ ಹೊಡೆದ."