ಮುಂದಾಳುವಿನ ಎಡಭುಜ

ನಾನು ಓದಿದ್ದು ಆರನೇ ಕ್ಲಾಸು. ಆದರೆ ತಿಪಟೂರು, ತುರುವೇಕೆರೆ ಕಡೆಯ ಎಷ್ಟೋ ಗುಡಿಗಳ ಗೋಪುರದ ಮೇಲಿರುವ ದೇವರುಗಳು ನನ್ನ ಕೈಯಿಂದ ಎದ್ದವು. ಹಾಗಾಗಿ, ಸ್ವಾತಂತ್ರ್ಯದ ಕಾಲದಲ್ಲಿ ನಮ್ಮ ಸೀಮೆಯ ರೈತರನ್ನು ಕಟ್ಟಿಕೊಂಡು ಜೈಲಿಗೆ ಹೋದ ಮುಂದಾಳುವಿನ ಪ್ರತಿಮೆ ಮಾಡಿಸಲು ಸಮಿತಿಯವರು ಬೆಂಗಳೂರಿಗೆ ಓಡಾಡುತ್ತಿದ್ದಾಗ, ಬೆಂಗಳೂರಿನವರು ಯಾಕೆ, ನಾನಿಲ್ಲವೇ ಎಂದುಬಿಟ್ಟೆ. ಒಪ್ಪಿದರು. ಆದರೆ ಹಂದನಕೆರೆಯಲ್ಲಿರುವ ಮುಂದಾಳುವಿನ ಮಗಳು ಮಣ್ಣಿನ ರೂಪ ನೋಡಿ ಹೂಂ ಅಂದರೆ ಮಾತ್ರ ಎರಕಕ್ಕೆ ಅಚ್ಚು ತೆಗೆಯಬೇಕು. ಇಲ್ಲವೆಂದರೆ ಕೆಲಸ ಬೆಂಗಳೂರಿಗೆ.

ಸಿಕ್ಕಿದ್ದು ಮುಖ ಮಾತ್ರ ಇರುವ ಒಂದು ಮಾಸಿದ ಫೋಟೋ. ಮನೆ ಹಿಂದಿನ ಶೆಡ್ಡಿನಲ್ಲಿ ಪ್ರತಿಮೆ ಎಬ್ಬಿಸಿ, ಮಣ್ಣು ಬಿರಿಯದಿರಲೆಂದು ಗೋಣಿಚೀಲ ನೆನೆಸಿ ಹೊದಿಸುತ್ತಿದ್ದೆ. ಊಟಕ್ಕೆ ಕೂತರೂ ಕಿವಿ ಶೆಡ್ಡಿನ ಕಡೆಗೇ. ಏನೋ ಕಳಚಿ ಬಿದ್ದಂತಾಗಿ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದೆ.

"ನಂಗೆ ಜ್ವರ ಬಂದಾಗ್ಲೂ ನೀವು ಹಿಂಗೆ ಎದ್ದೆದ್ದು ಬಂದು ನೋಡ್ಲಿಲ್ಲ ಬುಡಿ" ಎಂದು ಹೆಂಡತಿ ರೇಗಿಸಿದರೂ ನಗು ಬರುತ್ತಿರಲಿಲ್ಲ.

ಮುಂದಾಳುವಿನ ಮಗಳು ಸಮಿತಿ ಅಧ್ಯಕ್ಷರ ಕಾರಿನಲ್ಲಿ ಬಂದರು. ತೊಂಬತ್ತರ ಹತ್ತಿರದ ಮುದುಕಿ. ಪ್ರತಿಮೆಯನ್ನು ಒಂದು ಸುತ್ತು ಬಂದು ನಿಂತರು.

"ನಮ್ಮಪ್ಪ ಅಲ್ಲ ಕಣಪ್ಪ ಇದು. ಯಾವ್ದೋ ದೇವ್ರು."

ನಾನು ಫೋಟೋ ತೆಗೆದು ಮುಂದೆ ಹಿಡಿದೆ. "ಮುಖ ಫೋಟೋದಲ್ಲಿದ್ದಂಗೇ ಮಾಡಿವ್ನಿ ಕಣವ್ವ."

"ಮುಖ ಇರ್ಲಿ. ಕಾಯಿ ಸುಲೀತಿದ್ದೋರು ಅವ್ರು. ಎಡಗಡೆ ಭುಜ ಇಳಿದೋಗಿತ್ತು. ನೀನು ನೆಟ್ಟಗೆ ನಿಲ್ಸಿದೀಯ."

ನೆಟ್ಟ ಹಾರೆಗೆ ತೆಂಗಿನಕಾಯಿ ಕುತ್ತಿ ಕುತ್ತಿ ಭುಜ ಇಳಿದವರನ್ನು ದಿನಾ ನೋಡುವವನು ನಾನು. ಆದರೂ ಗೋಪುರದ ಅಭ್ಯಾಸ. ದೇವರಿಗೆ ಹಿಡಿಯುವ ಹಾಗೆಯೇ ದಾರ ಹಿಡಿದು ಎರಡೂ ಭುಜ ಸಮ ಮಾಡಿದ್ದೆ.

"ಭುಜ ವಾರೆಯಾದ್ರೆ ಸರ್ಕಲ್ನಲ್ಲಿ ನಿಂತು ಜನ ನಗ್ತಾರೆ ಕಣಮ್ಮ" ಎಂದರು ಅಧ್ಯಕ್ಷರು.

"ನಗೋರು ನಗ್ಲಿ ಬುಡಿ. ಬದುಕಿದ್ದಾಗ್ಲೇ ನಕ್ಕೋರಿದ್ರು."

ಅಧ್ಯಕ್ಷರು ನನ್ನ ಮುಖ ನೋಡಿದರು. ಭುಜ ಇಳಿಸಬೇಕೆಂದರೆ ಮಣ್ಣಿನೊಳಗಿನ ಕಬ್ಬಿಣದ ಕಂಬಿ ಬಗ್ಗಿಸಬೇಕು. ಬೆಸುಗೆ ಬಿಟ್ಟರೆ ತಲೆಯೇ ಕೆಳಗೆ. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದರು, ಕೆಲಸವೂ ಹೋಗುತ್ತಿತ್ತು. ಭುಜದ ಮಣ್ಣು ಕಿತ್ತು, ಕಂಬಿಗೆ ಪೈಪು ಸಿಕ್ಕಿಸಿ, ಮೈಭಾರ ಹಾಕಿದೆ. ಕಿರ್ರ್ ಎಂದಿತು. ಪ್ರತಿಮೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಬೆರಳಗಲವಾಯಿತು. ಉಸಿರು ಬಿಗಿಹಿಡಿದು ಇನ್ನೊಮ್ಮೆ ಒತ್ತಿದೆ. ಕಂಬಿ ಬಗ್ಗಿತು, ತಲೆ ನಿಂತಿತು.

ಮಣ್ಣು ತುಂಬಿ, ಹಿಂದೆ ಸರಿದೆ. ಮುದುಕಿ ಮತ್ತೆ ಒಂದು ಸುತ್ತು ಬಂದು ಎಡಭುಜದ ಎದುರು ನಿಂತರು.

"ಹೂಂ ಅನ್ನಿ ಅವ್ವ" ಎಂದೆ, ತಡೆಯಲಾರದೆ.

"ಹೂಂ. ಈಗ ಅವ್ರೇ. ಮೂಗು ಮಾತ್ರ ನಿಂದೇ ಕಣಪ್ಪ."

ಅಧ್ಯಕ್ಷರು ಗಟ್ಟಿಯಾಗಿ ನಕ್ಕರು. "ಅದನ್ನೂ ಸರಿ ಮಾಡ್ಲಾ?" ಎಂದು ನಾನು ಕೇಳಿದರೆ, "ಇರ್ಲಿ ಬುಡು, ಇಷ್ಟು ಕಷ್ಟಬಿದ್ದಿದೀಯ" ಎಂದರು ಮುದುಕಿ.

ಅವರ ಕಾರು ಹೋದ ಮೇಲೆ, ಕನ್ನಡಿಯನ್ನೂ ಫೋಟೋವನ್ನೂ ಪಕ್ಕದಲ್ಲಿಟ್ಟುಕೊಂಡು ಮೂಗಿನ ಮಣ್ಣನ್ನು ಇಷ್ಟಿಷ್ಟೇ ತೆಗೆಯುತ್ತ ಕೂತೆ.