ನನ್ನ ರೊಟ್ಟಿಗೆ ಅಂಜಿದವರು

ನೋಡ್ರಪಾ, ಇವತ್ತು ಶಿರಹಟ್ಟಿಯಲ್ಲಿ ತಂಗಿಯ ಮೊಮ್ಮಕ್ಕಳ ಜವಳಕ್ಕೆ ಹೋಗಿ ಜಗಳ ಮಾಡಿ ಬಂದಿದ್ದೇನೆ.

ರೊಟ್ಟಿ ಬಡಿಯಲು ಕುಳಿತಿದ್ದೆ. ತಂಗಿ ಬಂದು ಹಿಟ್ಟಿನ ಪರಾತ ಎಳೆದುಕೊಂಡಳು. “ನೀ ಏಳಬೇ ಅಕ್ಕಾ. ನಿನಗ ಹೆಪಟೈಟಿಸ್ ಸಿ ಐತಂತ ಎಲ್ಲಾರಿಗೂ ಗೊತ್ತಾಗೇತಿ. ನಿನ್ನ ಕೈ ರೊಟ್ಟಿ ಯಾರೂ ತಿನ್ನಂಗಿಲ್ಲ.”

ಎರಡು ತಿಂಗಳಿಂದ ಒಂದು ದಿನವೂ ತಪ್ಪದೆ ಗುಳಿಗೆ ನುಂಗುತ್ತಿದ್ದೇನೆ. ಲಿವರ್ ತಿನ್ನುವ ಈ ರೋಗ ರಕ್ತದಿಂದ ರಕ್ತಕ್ಕೆ ಹತ್ತುತ್ತದೆ, ಅಡುಗೆಯಿಂದ ಅಲ್ಲ ಎಂದು ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿಟ್ಟಿನಿಂದ ಅಂಗಳಕ್ಕೆ ಬಂದೆ. ದೊಡ್ಡ ಮೊಮ್ಮಗನ ತಲೆ ಬೋಳಿಸಿ ಮುಗಿದಿತ್ತು. ಕಿವಿಯ ಹಿಂದೆ ಗೀರು ಬಿದ್ದು ರಕ್ತ ಬಂದಿತ್ತು. ಕ್ಷೌರಿಕ ಅದೇ ಬ್ಲೇಡನ್ನು ನೀರಲ್ಲಿ ಅದ್ದಿ, ಮಕ್ಕಳ ಸೋದರಮಾವನ ತೊಡೆಯ ಮೇಲಿದ್ದ ಸಣ್ಣ ಮೊಮ್ಮಗಳ ತಲೆಗೆ ತಂದ. ನಾನು ಅವನ ಕೈ ಹಿಡಿದೆ.

“ಹೊಸಾ ಬ್ಲೇಡ್ ಹಾಕು.”

“ಇದ್ದದ್ದ ಒಂದರೀ ಅಮ್ಮಾರ.”

“ಮುಹೂರ್ತ ಮೀರತೈತಿ, ಬಿಡಬೇ ಅಕ್ಕಾ,” ಎಂದಳು ತಂಗಿ.

“ಮೀರಲಿ. ನನ್ನ ರೊಟ್ಟಿಗೆ ಅಂಜತೀರಿ, ರಕ್ತ ಹತ್ತಿದ ಬ್ಲೇಡಿಗೆ ಅಂಜಂಗಿಲ್ಲೇನು? ನನಗೂ ಈ ರೋಗ ಹಿಂಗ ಎಲ್ಲೋ ಹತ್ತಿರಬೇಕು.”

ಸೋದರಮಾವ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ, ಬ್ಲೇಡು ತರಲು ಅಂಗಡಿಗೆ ಓಡಿದ.

ಅವನು ಬರುವಷ್ಟರಲ್ಲಿ ಮುಹೂರ್ತ ಮೀರಿತು. ಅಯ್ಯನವರು ಪಂಚಾಂಗ ತಿರುವಿ ಐದೇ ನಿಮಿಷದಲ್ಲಿ ಇನ್ನೊಂದು ಹುಡುಕಿಕೊಟ್ಟರು.

ಮುಹೂರ್ತವೇನೋ ಇನ್ನೊಂದು ಸಿಕ್ಕಿತು. ಲಿವರ್ ಇನ್ನೊಂದು ಯಾವ ಪಂಚಾಂಗದಲ್ಲಿ ಸಿಗುತ್ತದೆ?