ಮುನಿಕೆಂಪಮ್ಮನ ಜಗಲಿಗೆ ಬಂದ ಪರದೇಶಿ

ನಮ್ಮ ಮಾಕಳಿಯವರಿಗೆ ಒಂದು ಸಿನಿಮಾ ಎರಡು ಸಲ ಬಿಡುಗಡೆಯಾಗುತ್ತದೆ. ಮೊದಲು ಪೇಟೆಯ ಥಿಯೇಟರಿನಲ್ಲಿ, ಆಮೇಲೆ ಮುನಿಕೆಂಪಮ್ಮನ ಜಗಲಿಯಲ್ಲಿ. ಎರಡನೆಯದಕ್ಕೇ ಜನ ಜಾಸ್ತಿ.

ಮುನಿಕೆಂಪಮ್ಮ ನಮ್ಮ ಹಿಂದಿನ ಬೀದಿಯವರು. ನಮ್ಮದು ಲೇಔಟು, ಅವರದು ಹಳೇ ಊರು; ನಡುವೆ ಒಂದು ಮೋರಿ. ಗಂಡ ತೀರಿಕೊಂಡ ಮೇಲೆ ಸೊಪ್ಪು ಬೆಳೆದು, ಯಶವಂತಪುರದವರೆಗೂ ಹೊತ್ತು ಮಾರಿ ಮಗನನ್ನು ಸಾಕಿದವರು. ಓದು ಬರಹ ಇಲ್ಲ. ಆದರೆ ಒಂದು ಸಿನಿಮಾ ಒಂದು ಸಲ ನೋಡಿದರೆ ಸಾಕು, ಮಾರನೆಯ ಸಂಜೆ ಜಗಲಿಯ ಮೇಲೆ ಕೂತು ಅದನ್ನು ಪೂರ್ತಿ ಹೇಳುತ್ತಾರೆ. ನಾಯಕ, ಖಳ, ನಾಯಿ, ಬಾಗಿಲು ಕಿರುಗುಟ್ಟುವುದು, ಎಲ್ಲವೂ ಅವರೇ. ನಾನು ವಿಮರ್ಶೆ ಓದಿಕೊಂಡು ಸಿನಿಮಾಕ್ಕೆ ಹೋಗುವ ಜಾತಿ. ಥೂ, ದಂಡ ಎಂದು ಬೈದುಕೊಂಡು ಬಂದ ಸಿನಿಮಾವನ್ನೇ ಅವರ ಬಾಯಲ್ಲಿ ಕೇಳಿ ಕಣ್ಣೊರೆಸಿಕೊಂಡಿದ್ದೇನೆ. ಎಂಥ ಹೆಂಗಸಪ್ಪಾ ಇದು ಎಂದು ಬೆರಗಾಗುವುದು ನನಗೇನೂ ಹೊಸದಲ್ಲ. ಆದರೂ ಹೋದ ಅವರೆಕಾಯಿ ಕಾಲದಲ್ಲಿ ಕಂಡದ್ದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಅವರ ಮಗ ಮಹೇಂದ್ರ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಅಲ್ಲೇ ಹೊಲಿಗೆಗೆ ಬಂದಿದ್ದ ಅಸ್ಸಾಮಿನ ಹುಡುಗಿ ಜೊನಾಲಿಯನ್ನು ಮದುವೆಯಾಗಿ ಮನೆಗೆ ಕರೆತಂದ. ಅವಳಿಗೆ ಬರುತ್ತಿದ್ದದ್ದು ಕಾರ್ಖಾನೆ ಕನ್ನಡ: ‘ಬೇಗ ಬೇಗ’, ‘ಊಟ ಆಯ್ತಾ’, ‘ನಾಳೆ ರಜಾ’. ಇಷ್ಟರಲ್ಲಿ ಅತ್ತೆಯ ಜೊತೆ ಸಂಸಾರ ಮಾಡುವುದು ಹೇಗೆ? ಮಾತಿನಮಲ್ಲಿ ಮುನಿಕೆಂಪಮ್ಮನಿಗೆ ಸೊಸೆಯ ಮುಂದೆ ನಾಲಗೆಯೇ ಹೊರಳುತ್ತಿರಲಿಲ್ಲ. “ಯಾವ್ ದೇಸದ್ದೋ ಏನೋ,” ಎಂದು ನನ್ನ ಹತ್ತಿರ ಗೊಣಗುತ್ತಿದ್ದರು. ಸಂಕ್ರಾಂತಿಗೆ ಮುಂಚೆ ಒಂದು ದಿನ ಮಹೇಂದ್ರ ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬಂದ.

“ಶುಭಕ್ಕಾ, ಅವ್ಳು ಊರಿಗ್ ಹೋಗ್ತೀನಿ ಅಂತವ್ಳೆ. ಯಶವಂತಪುರ ಸ್ಟೇಷನ್‌ಗೆ ಹೋಗಿ ತಾನೇ ಟಿಕೆಟ್ ಮಾಡಿಸ್ಕೊಂಡ್ ಬಂದವ್ಳೆ. ಹೋಗಕ್ಕೆ ಮಾತ್ರ. ಬರಕ್ಕೆ ಇಲ್ಲ.”

“ನಿಮ್ಮಮ್ಮಂಗೆ ಗೊತ್ತಾ?”

“ಗೊತ್ತು. ಏನೂ ಮಾತಾಡಲ್ಲ, ಸುಮ್ನವ್ಳೆ.”

ಹೊರಡುವ ಮುಂಚೆ ಅವಳಿಗೊಂದು ಖುಷಿಯಾಗಲಿ ಎಂದು ಅವನು ಭಾನುವಾರ ಮನೆಯವರನ್ನೆಲ್ಲ ಸಿನಿಮಾಕ್ಕೆ ಹೊರಡಿಸಿದ. ನನ್ನನ್ನೂ ಬಿಡಲಿಲ್ಲ. ಕೋಟು ತೊಟ್ಟ ಪರದೇಶಿಯೊಬ್ಬ ತಪ್ಪು ಬಸ್ಸು ಹತ್ತಿ ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಇಳಿಯುವ ಕಥೆ. ಭಾಷೆ ಬಾರದು. ಸುಸ್ತಾಗಿ ಒಂದು ಕಲ್ಲಿನ ಮೇಲೆ ಕೂರುತ್ತಾನೆ, ನೋಡಿದರೆ ಅದು ಊರ ದೇವರು! ಜನ ಬೈದ ಮೇಲೆ ಹೆದರಿ, ಕಂಡ ಕಂಡ ಕಲ್ಲಿಗೆಲ್ಲ, ಮೈಲಿಗಲ್ಲಿಗೂ ಒರಳುಕಲ್ಲಿಗೂ, ಕೈ ಮುಗಿಯುತ್ತಾ ಹೋಗುತ್ತಾನೆ. ಮೊದಮೊದಲು ಅವನನ್ನು ನೋಡಿ ನಗುತ್ತಿದ್ದ ನಾವು, ಬರಬರುತ್ತಾ ಅವನ ಕಣ್ಣಿನಿಂದ ನಮ್ಮನ್ನೇ ನೋಡಿಕೊಂಡು ನಗುತ್ತಿದ್ದೆವು. ಅದು ಯಾವಾಗ ಬದಲಾಯಿತೋ ನನಗೆ ಗೊತ್ತಾಗಲಿಲ್ಲ.

ಆಮೇಲೆ ಊಟದ ದೃಶ್ಯ. ಪರದೇಶಿಯ ತಟ್ಟೆಗೆ ರಾಗಿಮುದ್ದೆ ಬೀಳುತ್ತದೆ. ನುಂಗಬೇಕಾದ್ದನ್ನು ಅವನು ಅಗಿಯತೊಡಗುತ್ತಾನೆ. ಅಗಿದಷ್ಟೂ ಹಲ್ಲಿಗೆ ಮೆತ್ತಿಕೊಂಡು, ದವಡೆ ಹಿಡಿದುಕೊಂಡು, ಕಣ್ಣುಗುಡ್ಡೆ ಮೇಲಕ್ಕೆ. ಪಕ್ಕದಲ್ಲಿ ಜೊನಾಲಿ ನಕ್ಕಳು. ಕುರ್ಚಿಯ ಕೈ ಹಿಡಿದುಕೊಂಡು, ಉಸಿರು ಕಟ್ಟುವ ಹಾಗೆ ನಕ್ಕಳು. ಆ ಹುಡುಗಿಗೆ ನಗಲು ಬರುತ್ತದೆ ಎಂಬುದೇ ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮುನಿಕೆಂಪಮ್ಮ ಮಾತ್ರ ಪರದೆ ಬಿಟ್ಟು ಸೊಸೆಯನ್ನೇ ನೋಡುತ್ತಾ ಕೂತರು. ಮನೆಗೆ ಬಂದ ಮೊದಲ ದಿನ ಜೊನಾಲಿಯೂ ಮುದ್ದೆಯನ್ನು ಹೀಗೇ ಅಗಿದಿದ್ದಳು. ಅವತ್ತು ಬೀದಿಯ ಹೆಂಗಸರನ್ನೆಲ್ಲ ಕೂಗಿ ಕರೆದು, ತೋರಿಸಿ ನಕ್ಕವರು ಮುನಿಕೆಂಪಮ್ಮನೇ. ಹುಡುಗಿ ತಟ್ಟೆ ಬಿಟ್ಟು ಎದ್ದು ಹೋಗಿದ್ದಳು. ಯಾವ ಸಿನಿಮಾಕ್ಕೆ ಹೋದರೂ ಮೆಟ್ರೋ ನಾಗಸಂದ್ರ ತಲುಪುವಷ್ಟರಲ್ಲಿ ಅರ್ಧ ಕಥೆ ಹೇಳಿ ಮುಗಿಸುವ ಮುನಿಕೆಂಪಮ್ಮ, ಈ ಸಲ ಮನೆ ಮುಟ್ಟುವವರೆಗೂ ಬಾಯಿ ಬಿಡಲಿಲ್ಲ.

ಮಾರನೆಯ ಸಂಜೆ ಜಗಲಿ ತುಂಬಿತು. ನೆನೆಸಿದ ಅವರೆಕಾಳಿನ ಬೋಗುಣಿ ನಡುವೆ ಇಟ್ಟುಕೊಂಡು ರತ್ನಕ್ಕ, ನಜ್ಮುನ್ನೀಸಾ, ನಾನು, ಇನ್ನೂ ಒಂದಷ್ಟು ಹೆಂಗಸರು ಸಿಪ್ಪೆ ಹಿತುಕುತ್ತಾ ಕೂತಿದ್ದೆವು. ಜೊನಾಲಿ ಬಾಗಿಲಲ್ಲಿ ನಿಂತಿದ್ದಳು. ಮುನಿಕೆಂಪಮ್ಮ ಪರದೇಶಿಯನ್ನು ಬಸ್ಸಿನಿಂದ ಇಳಿಸಿದರು, ಕಲ್ಲಿನ ಮೇಲೆ ಕೂರಿಸಿದರು, ಮೈಲಿಗಲ್ಲಿಗೆ ಕೈ ಮುಗಿಸಿದರು. ನಕ್ಕೂ ನಕ್ಕೂ ಎಲ್ಲರ ಹೊಟ್ಟೆ ಹುಣ್ಣಾಯಿತು. ಪರದೇಶಿಯ ತಟ್ಟೆಗೆ ಮುದ್ದೆ ಬಿತ್ತು. ಅಲ್ಲಿಗೆ ಮಾತು ನಿಂತುಹೋಯಿತು.

“ಯಾಕಕ್ಕಾ, ಮುಂದುಕ್ಕೇಳು,” ಎಂದರು ರತ್ನಕ್ಕ.

“ಇದು ನಂಗ್ ಬರಲ್ಲ ಕಣಮ್ಮಿ,” ಎಂದರು ಮುನಿಕೆಂಪಮ್ಮ. ಅವರ ಬಾಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಬಾಗಿಲ ಕಡೆ ತಿರುಗಿ ಕೈ ಚಾಚಿದರು. “ಬಾ ಮಗ. ನೀನೇ ಮಾಡು.”

ಜೊನಾಲಿ ಅಳುಕುತ್ತಾ ಬಂದು ಕೂತಳು. ಒಂದು ಖಾಲಿ ತಟ್ಟೆ ಎಳೆದುಕೊಂಡು, ಇಲ್ಲದ ಮುದ್ದೆ ಮುರಿದು ಬಾಯಿಗಿಟ್ಟು ಅಗಿದಳು. ಜಗಲಿಗೆ ಜಗಲಿಯೇ ಬಿದ್ದು ಬಿದ್ದು ನಕ್ಕಿತು. ಅವಳಿಗೂ ಹುರುಪು ಬಂತು. ತಟ್ಟನೆ ಎದ್ದು, ವೇಲನ್ನು ಸೊಂಟಕ್ಕೆ ಸಿಕ್ಕಿಸಿ, ಬೀದಿಯತ್ತ ಕೈ ಬೀಸಿ ಬೀಸಿ ಜನರನ್ನು ಕರೆದಳು, ತಟ್ಟೆಯತ್ತ ಬೆರಳು ತೋರಿಸಿದಳು, ತೊಡೆ ತಟ್ಟಿಕೊಂಡು ನಕ್ಕಳು. ಅದು ಸಿನಿಮಾದಲ್ಲಿ ಇರಲಿಲ್ಲ. ಅದು ಮುನಿಕೆಂಪಮ್ಮ. ಆ ಕತ್ತು ಕೊಂಕಿಸುವುದು, ಸೊಂಟದ ಮೇಲಿನ ಆ ಕೈ, ಎಲ್ಲ ಅಚ್ಚು ಹೊಯ್ದ ಹಾಗೆ.

ಹಿತುಕುತ್ತಿದ್ದ ಕೈಗಳೆಲ್ಲ ನಿಂತವು. ಅತ್ತೆಯನ್ನು ನಾಲ್ಕು ಜನರ ಮುಂದೆ ಅಣಕಿಸಿದ ಸೊಸೆಯನ್ನು ನಮ್ಮೂರು ಕಂಡಿಲ್ಲ. ಮುಗಿಯಿತು, ಇನ್ನು ಇವಳು ಊರಿಗೆ ಹೊರಟರೆ ಯಾರೂ ತಡೆಯುವುದಿಲ್ಲ ಎಂದುಕೊಂಡೆ.

ಮುನಿಕೆಂಪಮ್ಮ ಎದ್ದರು. ಸೊಸೆ ಬಿಟ್ಟ ಜಾಗದಲ್ಲಿ, ಆ ಖಾಲಿ ತಟ್ಟೆಯ ಮುಂದೆ ಹೋಗಿ ಕೂತರು. ಇಲ್ಲದ ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದರು. ಅಗಿಯುತ್ತಾ ಅಗಿಯುತ್ತಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು, ಯಾರಾದರೂ ಹೇಳಿಕೊಟ್ಟಾರೇನೋ ಎಂದು. ಅರವತ್ತು ದಾಟಿದ ಮುನಿಕೆಂಪಮ್ಮ ಅಲ್ಲಿರಲಿಲ್ಲ. ಎಲ್ಲಿಂದಲೋ ಬಂದ ಹುಡುಗಿಯೊಬ್ಬಳು ತಬ್ಬಿಬ್ಬಾಗಿ ಕೂತಿದ್ದಳು, ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒಂದೇ ಒಂದು ಮಾತಿಲ್ಲದೆ ಮುನಿಕೆಂಪಮ್ಮ ಹೇಳಿದ ಕಥೆ ಅದೊಂದೇ.

ಜೊನಾಲಿಯ ನಗು ನಿಂತಿತು. ಮೆಲ್ಲಗೆ ಎದುರಿಗೆ ಕೂತು, ಅತ್ತೆಯ ಗಲ್ಲ ಹಿಡಿದು ಅಗಿಯುವುದನ್ನು ನಿಲ್ಲಿಸಿದಳು. ಇಲ್ಲದ ತುತ್ತನ್ನು ಇಲ್ಲದ ಸಾರಿನಲ್ಲಿ ಅದ್ದಿ, ತನ್ನ ಗಂಟಲು ಮುಟ್ಟಿ ತೋರಿಸಿ, ಗುಳುಕ್ಕನೆ ನುಂಗಿದಳು. ಇನ್ನೊಂದು ತುತ್ತನ್ನು ಅತ್ತೆಯ ಬಾಯಿಗಿಟ್ಟಳು. ಮುನಿಕೆಂಪಮ್ಮ ನುಂಗಿದರು. ಆ ಮೊದಲ ದಿನ ನಮ್ಮಲ್ಲಿ ಒಬ್ಬರಾದರೂ ಮಾಡಬೇಕಿದ್ದದ್ದು ಇಷ್ಟೇ. ನಜ್ಮುನ್ನೀಸಾ ದುಪಟ್ಟಾದಿಂದ ಕಣ್ಣು ಒತ್ತಿಕೊಂಡಳು.

ಕೆಲಸ ಮುಗಿಸಿ ಬಂದ ಮಹೇಂದ್ರ ಊಟದ ಡಬ್ಬಿ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದ. ಅವನಮ್ಮ ಮೂಗು ಒರೆಸಿಕೊಂಡು ಕೂಗಿದರು.

“ಲೇ ಮಯೇಂದ್ರ, ನಾಳೀಕೆ ಓಗಿ ನಂಗೂ ಒಂದು ಟಿಕೀಟು ಮಾಡ್ಸು. ಅವ್ಳ ಜೊತೇಗೆ ಅವ್ರೂರ್ಗೆ ನಾನೂ ಓಯ್ತೀನಿ.”

“ನೀನಾ? ಅಲ್ಲಿ ನಿಂಗೆ ಒಂದಕ್ಷರ ಮಾತ್ ಬರಲ್ವಲ್ಲಮ್ಮೋ!”

“ಅದಕ್ಕೇ ಕಣ್ಲಾ. ಅಲ್ಲಿ ನಾನು ಏನೇನ್ ಪಜೀತಿ ಪಡ್ತೀನೋ, ಅವ್ಳೂ ಅವ್ರಮ್ಮನೂ ಕುಂತ್ಕಂಡು ಒಟ್ಟೆ ತುಂಬ ನಗ್ಲಿ.” ಆಮೇಲೆ ದನಿ ತಗ್ಗಿತು. “ಬರಾಕೆ ಎಷ್ಟು ಟಿಕೀಟು ಅಂತ ಅವ್ಳನ್ ಕೇಳ್ಬುಟ್ಟು ಮಾಡ್ಸು.”

ಮಹೇಂದ್ರ ಹೆಂಡತಿಯನ್ನು ಹಿಂದಿಯಲ್ಲಿ ಕೇಳಿದ. ಅವಳು ಅತ್ತೆಯ ಮುಖವನ್ನೇ ನೋಡುತ್ತಾ ಎರಡು ಬೆರಳು ಎತ್ತಿದಳು.